ಮುಟ್ಟಿದರೆ ಮುನಿ

ಕನ್ನಡ ಪಾಠ ಹೇಳುವವನು ಶಾಲೆಯ ವಾರ್ಷಿಕ ಸಂಚಿಕೆಗೆ ಒಂದು ಪದ್ಯದ ಸೊಗಸನ್ನೋ, ಒಬ್ಬ ಕವಿಯ ಬಾಳನ್ನೋ ಕುರಿತು ಬರೆಯಬೇಕೆಂಬುದು ರೂಢಿ. ಆದರೆ ಕಳೆದ ಎರಡು ವರ್ಷ ನನ್ನ ತಲೆಯನ್ನು ತುಂಬಿಕೊಂಡಿದ್ದದ್ದು ಛಂದಸ್ಸೂ ಅಲ್ಲ, ವ್ಯಾಕರಣವೂ ಅಲ್ಲ. ಒಂದು ಸಣ್ಣ ಕಾರಿನ ಬ್ರೇಕು. ಸಂಚಿಕೆಯ ಕೆಲಸ ನೋಡುವ ಮಕ್ಕಳು ಲೇಖನಕ್ಕಾಗಿ ಮೂರನೆಯ ಸಲ ಬಂದು ನಿಂತಾಗ, ಬ್ರೇಕಿನ ಬಗ್ಗೆ ಬರೆದರೆ ಆದೀತೇ ಎಂದು ಕೇಳಿದೆ. ಅವರು ಮುಖ ಮುಖ ನೋಡಿಕೊಂಡು ನಕ್ಕರು. ಬೇಡ ಎನ್ನಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕಾರು ಹೊಸದಲ್ಲ, ಇನ್ನೊಬ್ಬರ ಕೈಯಿಂದ ಬಂದದ್ದು. ಪೆಟ್ರೋಲಿನದು. ಭಾರ 700 ಕಿಲೋಗಿಂತ ಹೆಚ್ಚೇನೂ ಇರಲಾರದು. ಅದರ ಹೆಸರು ಇಲ್ಲಿ ಅನಾವಶ್ಯಕ, ಏಕೆಂದರೆ ನಾನು ಹೇಳಹೊರಟ ಗುಣ ಆ ಅಳತೆಯ ಎಷ್ಟೋ ಕಾರುಗಳಲ್ಲಿದೆ. ಗುಣ ಇಷ್ಟೇ: ಪೆಡಲಿಗೆ ಪಾದ ತಾಗಿಸಿದರೆ ಸಾಕು, ಗಾಡಿ ಮೂಗು ತಗ್ಗಿಸಿ ನಿಂತುಬಿಡುತ್ತಿತ್ತು. ಹಿಂದೆ ಕುಳಿತವರ ಹಣೆ ಮುಂದಿನ ಸೀಟಿಗೆ ನಮಸ್ಕಾರ ಮಾಡುತ್ತಿತ್ತು. ನಮ್ಮ ಶಾಲೆಯ ಮಲಯಾಳ ಅಧ್ಯಾಪಕರು ಒಂದು ದಿನ ನನ್ನೊಡನೆ ಬದಿಯಡ್ಕದವರೆಗೆ ಬಂದವರು, ಇಳಿಯುವಾಗ ಅದಕ್ಕೆ 'ತೊಟ್ಟಾವಾಡಿ' ಎಂದು ನಾಮಕರಣ ಮಾಡಿ ಹೋದರು. ಗುಡ್ಡೆಯ ಬದಿಯಲ್ಲಿ, ಶಾಲೆಯ ಮೈದಾನದ ಅಂಚಿನಲ್ಲಿ ನೀವೆಲ್ಲ ಕಾಲು ಗೀರಿಸಿಕೊಳ್ಳುವ ಆ ಮುಳ್ಳಿನ ಗಿಡಕ್ಕೆ ಮಲಯಾಳದಲ್ಲಿ ಆ ಹೆಸರು: ಮುಟ್ಟಿದರೆ ಬಾಡುವುದು. ನಾವು ಅದನ್ನೇ ಮುಟ್ಟಿದರೆ ಮುನಿ ಎನ್ನುತ್ತೇವೆ. ಒಂದೇ ಗಿಡವನ್ನು ನೋಡಿ ಅವರಿಗೆ ಬಾಡುವಿಕೆ ಕಂಡಿತು, ನಮಗೆ ಮುನಿಸು ಕಂಡಿತು. ಕಾರಿನ ಮಟ್ಟಿಗೆ ಕನ್ನಡದ ಹೆಸರೇ ಸರಿ ಎಂದು ನನ್ನ ಅಭಿಪ್ರಾಯ.

ನಾನು ಗಾಡಿ ಓಡಿಸಲು ಕಲಿತದ್ದು ಸೋದರಮಾವನ ಹಳೆಯ ಜೀಪಿನಲ್ಲಿ. ಅದರ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಕಾಲಿನ ಬಲಕ್ಕೆ ಬೇರೆ ಯಾವ ಸಹಾಯವೂ ಇರಲಿಲ್ಲ. ಅಡಿಕೆ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಸೊಂಟದಿಂದಲೇ ಬಲ ತಂದು ತುಳಿಯಬೇಕಿತ್ತು. ಅನಂತರ ಲೈಸೆನ್ಸಿಗಾಗಿ ಡ್ರೈವಿಂಗ್ ಶಾಲೆಗೆ ಹೋದೆ. ಕೇರಳದಲ್ಲಿ ಪರೀಕ್ಷೆಗೆ ಕಂಬಗಳ ನಡುವೆ 'ಎಚ್' ಆಕಾರದಲ್ಲಿ ಮುಂದೆಯೂ ಹಿಂದೆಯೂ ಗಾಡಿ ಬಿಡಬೇಕೆಂಬುದು ನಿಮ್ಮ ತಂದೆತಾಯಿಗಳಿಗೆ ಗೊತ್ತು. ಅಲ್ಲಿನ ಗುರುಗಳು ಪಕ್ಕದಲ್ಲಿ ಕುಳಿತು ಕೂಗುತ್ತಿದ್ದದ್ದು ಒಂದೇ ಮಾತು: 'ಚವಿಟ್ಟ್, ಚವಿಟ್ಟ್!' ತುಳಿ, ತುಳಿ ಎಂದು. ಎರಡು ಭಾಷೆಯಲ್ಲಿ ಓದಿದವನಿಗೆ ಎರಡು ಭಾಷೆಯಲ್ಲೂ ತುಳಿತವೇ ಪಾಠವಾಯಿತು. ಕನ್ನಡದಲ್ಲಿ ಕಾಲಿನ ಕೆಲಸಕ್ಕೆ ಎಷ್ಟು ಮಾತುಗಳಿವೆ ನೋಡಿ: ಒದೆ, ತುಳಿ, ಮೆಟ್ಟು, ಅದುಮು, ಒತ್ತು, ಊರು, ತಾಗಿಸು, ಸೋಕಿಸು. ಜೀಪು ಈ ಸಾಲಿನ ಮೊದಲ ತುದಿಯಲ್ಲಿತ್ತು. ಈ ಕಾರು ಕೊನೆಯ ತುದಿಯಲ್ಲಿ ನಿಂತು ನನ್ನನ್ನು ಕರೆಯುತ್ತಿತ್ತು.

ಇಷ್ಟೇ ಆಗಿದ್ದರೆ ನಗೆಯ ಮಾತಾಗಿ ಮುಗಿಯುತ್ತಿತ್ತು. ಆದರೆ ಆ ವರ್ಷದ ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಆಪರೇಶನ್ ಬೇಕಾಗಲಿಲ್ಲ, ಸೊಂಟಕ್ಕೆ ಬೆಲ್ಟು ಕಟ್ಟಿ, ಮಂಗಳೂರಿನ ಡಾಕ್ಟರು ಒಂದೇ ಮಾತು ಹೇಳಿದರು: ಕುಲುಕಾಟ ಆಗಕೂಡದು. ಆದರೆ ಡಾಕ್ಟರನ್ನು ಕಾಣಲೆಂದು ತಿಂಗಳಿಗೊಮ್ಮೆ ಹೋಗಿ ಬರಬೇಕಲ್ಲ! ಪೆರ್ಲದ ಈಚೆಯ ನಮ್ಮ ಮನೆಯಿಂದ ಬದಿಯಡ್ಕ, ನೀರ್ಚಾಲು, ಕುಂಬಳೆ, ತಲಪಾಡಿ ದಾಟಿ ಮಂಗಳೂರು. ತಿರುವುಗಳೆಷ್ಟು, ಹಂಪುಗಳೆಷ್ಟು, ಹೆದ್ದಾರಿಯ ಕೆಲಸ ನಡೆಯುತ್ತಿದ್ದ ಕಡೆ ದಾರಿ ತಪ್ಪಿಸಿ ಬಿಟ್ಟ ಹೊಂಡಗಳೆಷ್ಟು! ಒಂದೊಂದು ಹಂಪಿಗೂ ಬ್ರೇಕು, ಒಂದೊಂದು ಬ್ರೇಕಿಗೂ ಅಮ್ಮನ ಬೆನ್ನಿಗೆ ಒಂದು ಪೆಟ್ಟು. ಅವರು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಬಾಗಿಲ ಮೇಲಿನ ಹಿಡಿಯನ್ನು ಹಿಡಿದ ಬೆರಳುಗಳ ಗಿಣ್ಣು ಬೆಳ್ಳಗಾಗುವುದು ಮಾತ್ರ ನನಗೆ ಕಾಣುತ್ತಿತ್ತು.

ಮೂರನೆಯ ಸಲ ಹಿಂದಿರುಗಿ ಬರುವಾಗ ಸಂಜೆ ಶಾಲೆ ಬಿಡುವ ಹೊತ್ತು. ಒಂದು ಬಸ್ಸು ನಿಂತಿತ್ತು. ಎದುರಿನಿಂದ ಬರುತ್ತಿದ್ದ ನಾನು ವೇಗ ತಗ್ಗಿಸಿದ್ದೆ. 30 ಕಿಲೋಮೀಟರಿನ ಮೇಲಿರಲಿಲ್ಲ. ಬಸ್ಸಿನ ಹಿಂಬದಿಯಿಂದ ಒಬ್ಬ ಹುಡುಗ, ಐದನೆಯದೋ ಆರನೆಯದೋ ತರಗತಿಯವನಿರಬೇಕು, ಚೀಲವನ್ನು ತಲೆಯ ಮೇಲಿಟ್ಟುಕೊಂಡು ನೇರ ನನ್ನ ಮುಂದಕ್ಕೆ ಓಡಿದ. ಕಾರು ನಿಂತಿತು. ಹುಡುಗನಿಗೂ ಬಂಪರಿಗೂ ನಡುವೆ ಒಂದು ಮಾರು ಇತ್ತೇನೋ. ಅವನು ನನ್ನನ್ನು ನೋಡಿ ನಕ್ಕು ಓಡಿಹೋದ. ಅಮ್ಮ ಸೀಟ್ ಬೆಲ್ಟಿಗೆ ಎದೆ ಕೊಟ್ಟು 'ಅಯ್ಯೋ' ಎಂದವರು, ಉಸಿರು ತಿರುಗಿದ ಮೇಲೆ ಕೇಳಿದ್ದು ತಮ್ಮ ಬೆನ್ನಿನ ಮಾತಲ್ಲ. 'ಮಗುವಿಗೆ ತಾಗಲಿಲ್ಲ ಅಲ್ಲವಾ ಮಗಾ?' ಎಂದರು. ಆಮೇಲೆ ಮೂರು ದಿನ ಅವರಿಗೆ ಮಗ್ಗುಲು ಬದಲಿಸಲಾಗಲಿಲ್ಲ.

(ಇಲ್ಲಿ ಒಂದು ಮಾತು ಮಕ್ಕಳಿಗೆ. ಬಸ್ಸಿನಿಂದ ಇಳಿದ ಮೇಲೆ ಬಸ್ಸು ಹೋಗುವವರೆಗೆ ನಿಂತಿರಿ. 30 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು. ಓಡಿಸುವವನ ಕಣ್ಣು ಕಂಡು ಕಾಲು ಏಳುವುದಕ್ಕೇ ಸುಮಾರು ಒಂದು ಸೆಕೆಂಡು ಬೇಕು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದರೂ ಮತ್ತೆ 5 ಮೀಟರಿನಷ್ಟು ಓಡಿಯೇ ಗಾಡಿ ನಿಲ್ಲುವುದು. 50ರ ವೇಗಕ್ಕೆ ಈ 5 ಮೀಟರು 14 ಆಗುತ್ತದೆ. ಲೆಕ್ಕವನ್ನು ಗಣಿತದ ಅಧ್ಯಾಪಕರ ಹತ್ತಿರ ಮಾಡಿಸಿ ನೋಡಿ.)

ಕಾರನ್ನು ಒಬ್ಬ ಮೆಕ್ಯಾನಿಕರಿಗೆ ತೋರಿಸಿದೆ. ಅವರು ಒಂದು ಸುತ್ತು ಓಡಿಸಿ ಬಂದು, 'ಮಾಷ್ಟ್ರೇ, ಇದಕ್ಕೆ ಸುಲಭದ ಮದ್ದು ಉಂಟು. ಬೂಸ್ಟರಿನ ಪೈಪು ಬಿಡಿಸಿಬಿಡುವಾ. ಬ್ರೇಕು ಗಟ್ಟಿಯಾಗುತ್ತದೆ, ಹಳೆಯ ಜೀಪಿನ ಹಾಗೆ' ಎಂದರು. ಕೇಳುವುದಕ್ಕೆ ಹಿತವಾಗಿತ್ತು. ಮನೆಗೆ ಬಂದು ಹೇಳಿದೆ. ಮಲಗಿದ್ದಲ್ಲಿಂದಲೇ ಅಮ್ಮ, 'ಆ ಬ್ರೇಕಿಗೆ ಕೈ ಹಾಕಿಸಬೇಡ. ಅವತ್ತು ಆ ಮಗು ಉಳಿದದ್ದು ಅದರಿಂದ. ನಾನು ಇನ್ನು ಕಾರಿಗೆ ಹತ್ತುವುದಿಲ್ಲ, ಅಷ್ಟೇ' ಎಂದರು. ಹೇಳಿದಂತೆ ಹತ್ತಲೂ ಇಲ್ಲ. ಮುಂದಿನ ತಿಂಗಳು ಬಾಡಿಗೆಯ ದೊಡ್ಡ ಗಾಡಿ ತರಿಸಬೇಕಾಯಿತು. ವಿಟ್ಲದ ಹತ್ತಿರದ ಅವರ ತವರಿನಲ್ಲಿ ಅಣ್ಣನ ಮೊಮ್ಮಗಳ ಮದುವೆಗೆ ಹೋಗುವ ಆಸೆಯನ್ನೂ ಬಿಟ್ಟರು. ನನಗೆ ಚುಚ್ಚಿದ್ದು ಇದು. ಬ್ರೇಕನ್ನು ದುರ್ಬಲ ಮಾಡಬಾರದು. ಅಮ್ಮನ ಬೆನ್ನಿಗೂ ಪೆಟ್ಟಾಗಬಾರದು. ಇವೆರಡರ ನಡುವೆ ಉಳಿದದ್ದು ನನ್ನ ಬಲಗಾಲು ಒಂದೇ.

ಆದರೆ ಕಾಲನ್ನು ತಿದ್ದುವ ಮೊದಲು ಇದು ಗಾಡಿಯ ಸ್ವಭಾವವೋ ರೋಗವೋ ಎಂದು ತಿಳಿಯಬೇಕಲ್ಲವೇ? ನಮ್ಮ ಶಾಲೆಯ ಭೌತವಿಜ್ಞಾನದ ಟೀಚರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಾಗದದ ಮೇಲೆ ಚಿತ್ರ ಬರೆದು ಹೇಳಿಕೊಟ್ಟರು. ಪೆಡಲು ಒಂದು ಸನ್ನೆಗೋಲು. ಕಾಲಿನ ಬಲವನ್ನು ಮೊದಲು ಅದೇ ಕೆಲವು ಪಾಲು ಹೆಚ್ಚಿಸುತ್ತದೆ. ಕೊನೆಯಲ್ಲಿ ಪಾಸ್ಕಲನ ನಿಯಮ: ಕೊಳವೆಯಲ್ಲಿರುವ ಬ್ರೇಕ್ ಆಯಿಲ್ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಒಯ್ಯುತ್ತದೆ. ನಡುವೆ ಕುಳಿತಿರುವುದು ಬೂಸ್ಟರ್, ಅಡುಗೆಮನೆಯ ಹಪ್ಪಳದ ಡಬ್ಬಿಯಂಥ ದುಂಡನೆಯ ತಗಡಿನ ಪೆಟ್ಟಿಗೆ. ಅದರೊಳಗೆ ಒಂದು ರಬ್ಬರಿನ ಪರದೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರುವಾಗ ಪರದೆಯ ಎರಡು ಬದಿಯ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಪೆಡಲಿಗೆ ಕಾಲು ತಾಗಿದೊಡನೆ ನಮ್ಮ ಬದಿಯ ಕೋಣೆಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ಮುಂದಕ್ಕೆ ನೂಕುತ್ತದೆ. ಪರದೆಯ ಅಡ್ಡಳತೆ 20 ಸೆಂಟಿಮೀಟರು ಎಂದು ಇಟ್ಟುಕೊಂಡರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರು. ಗಾಳಿಯ ಪೂರ್ಣ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು. ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ 0.6ರಷ್ಟು ಸಿಕ್ಕರೂ, 190 ಕಿಲೋದ ಆಸುಪಾಸಿನ ಬಲ. 'ಮಾಷ್ಟ್ರೇ, ನಿಮ್ಮ ಕಾಲಿನ ಜೊತೆಗೆ ಇಬ್ಬರು ದಪ್ಪ ಮನುಷ್ಯರು ಸೇರಿ ಒತ್ತುತ್ತಿದ್ದಾರೆ' ಎಂದು ಟೀಚರು ನಕ್ಕರು. ಅದರಲ್ಲೂ ಕಾಲು ತಾಗಿದ ಮೊದಲ ಗಳಿಗೆಯಲ್ಲೇ ಸ್ವಲ್ಪ ಬಲ ಒಮ್ಮೆಗೇ ಹಾರಿ ಬರುವಂತೆ ಬೂಸ್ಟರಿನ ರಚನೆ. ಹಗುರವಾದ ಸಣ್ಣ ಕಾರು, ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರವೂ ಕಡಿಮೆ. ಆದುದರಿಂದ ಅದು ತಲೆ ಬಾಗಿಸುವುದೂ ಹೆಚ್ಚು.

ಬೂಸ್ಟರಿನ ಆರೋಗ್ಯ ನೋಡುವ ಒಂದು ಉಪಾಯವನ್ನೂ ಅವರೇ ಹೇಳಿದರು. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿದರೆ ಅದು ಕಲ್ಲಿನಂತಾಗುತ್ತದೆ. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಹೊರಡಿಸಿದರೆ ಪೆಡಲು ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯಿತು. ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಗಾಡಿ ಬಿಡುವ ಜಾಣರು ನಮ್ಮೂರಲ್ಲಿಯೂ ಇದ್ದಾರೆ. ಒಂದೆರಡು ಒತ್ತಿನ ಮೇಲೆ ಆ ಇಬ್ಬರು ದಪ್ಪ ಮನುಷ್ಯರು ಇಳಿದು ಹೋಗುತ್ತಾರೆಂಬುದು ಅವರಿಗೆ ತಿಳಿದಿದ್ದರೆ ಚೆನ್ನಾಗಿತ್ತು.

ಆಮೇಲೆ ಇನ್ನೊಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿನವರು ಮಾತು ಕಡಿಮೆ, ಕೆಲಸ ಹೆಚ್ಚು ಎಂಬ ಜಾತಿಯ ಹಿರಿಯರು. ನಾಲ್ಕು ಚಕ್ರ ಕಳಚಿದರು. ಮುಂದಿನ ಡಿಸ್ಕು, ಪ್ಯಾಡು ಸರಿಯಾಗಿದ್ದವು. ಹಿಂದಿನ ಎಡಚಕ್ರದ ಡ್ರಮ್ ಬಿಚ್ಚಿದಾಗ ಲೈನರಿನ ಮೇಲೆ ಒದ್ದೆಯ ಕಲೆ. ಅಲ್ಲಿನ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಸಣ್ಣಗೆ ಜಿನುಗುತ್ತಿತ್ತು. ಆಯಿಲ್ ತಾಗಿದ ಲೈನರು ಜಾರುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. 'ಒಮ್ಮೊಮ್ಮೆ ಜಾರುತ್ತದೆ, ಒಮ್ಮೊಮ್ಮೆ ಕಚ್ಚುತ್ತದೆ' ಎಂದರು ಅವರು. ಡ್ರಮ್ಮಿನೊಳಗೆ ಎರಡು ಶೂಗಳಿವೆಯಷ್ಟೆ. ಅವುಗಳಲ್ಲಿ ಮುಂದಿನದನ್ನು ತಿರುಗುವ ಡ್ರಮ್ಮೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅಂಟಾದ ಲೈನರು ಅಲ್ಲಿ ಒಮ್ಮೆಗೇ ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ಸಿಲಿಂಡರನ್ನೂ, ಎರಡು ಹಿಂಚಕ್ರಗಳ ಲೈನರನ್ನೂ ಬದಲಿಸಿದರು. ಒಂದು ಬದಿಯದನ್ನು ಮಾತ್ರ ಬದಲಿಸಿದರೆ ಗಾಡಿ ಓರೆಯಾಗಿ ಎಳೆದೀತೆಂದು ಜೋಡಿಯಾಗಿಯೇ ಹಾಕುವುದು ಕ್ರಮವಂತೆ. ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು ಬೇಕು ಎಂದು ಅದನ್ನೂ ಪೂರಾ ತೆಗೆದು ತುಂಬಿಸಿದರು. ಪೆಡಲು ಬಿಟ್ಟ ಮೇಲೂ ಬ್ರೇಕು ಹಿಡಿದುಕೊಂಡೇ ಇದೆಯೋ ಎಂದು ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರು. ಪೆಡಲು ಮೇಲಿನಿಂದ ತುಸು ಸಡಿಲವಾಗಿ ಆಡಬೇಕು. ಆ ಆಟವೇ ಇಲ್ಲದಿದ್ದರೆ ಬ್ರೇಕು ಸದಾ ಉಜ್ಜಿ ಚಕ್ರ ಬಿಸಿಯಾಗುತ್ತದೆ, ಕೊನೆಗೆ ತಾನೇ ಬಿಗಿದುಕೊಳ್ಳಬಹುದು. ನಮ್ಮದರಲ್ಲಿ ಆಟ ಇತ್ತು. 'ರೋಗ ಇಷ್ಟೇ ಮಾಷ್ಟ್ರೇ. ಉಳಿದದ್ದು ಇದರ ಹುಟ್ಟುಗುಣ' ಎಂದು ಕೈ ಒರೆಸಿಕೊಂಡರು.

ಮಳೆಗಾಲದ ಬೆಳಗ್ಗೆ ಮೊದಲ ಬ್ರೇಕು ಕರ್ರೆಂದು ಕಚ್ಚುವುದರ ಬಗ್ಗೆಯೂ ಕೇಳಿದೆ. ಡಿಸ್ಕು ಬೀಡು ಕಬ್ಬಿಣದ್ದು. ನಮ್ಮ ಕರಾವಳಿಯ ತೇವಕ್ಕೆ ಒಂದೇ ರಾತ್ರಿಯಲ್ಲಿ ಅದರ ಮೇಲೆ ಕೆಂಪು ತುಕ್ಕು ಹೂವಿನಂತೆ ಅರಳುತ್ತದೆ. ನಾಲ್ಕಾರು ಸಲ ಒತ್ತಿದರೆ ಉಜ್ಜಿ ಹೋಗುತ್ತದೆ. ಅಮ್ಮನನ್ನು ಹತ್ತಿಸುವ ಮೊದಲು ಗಾಡಿಯನ್ನು ಗೇಟಿನವರೆಗೆ ಒಯ್ದು ತರುವ ಅಭ್ಯಾಸ ಅಂದಿನಿಂದ ಬಂತು.

ಉಳಿದದ್ದು ಕಾಲಿನ ವಿದ್ಯೆ. ಭಾನುವಾರ ಬೆಳಗ್ಗೆ, ಹುಡುಗರು ಕ್ರಿಕೆಟಿಗೆ ಬರುವ ಮೊದಲು, ಊರ ಮೈದಾನದಲ್ಲಿ ಅಭ್ಯಾಸ ಮಾಡುವುದೆಂದು ಗೊತ್ತುಮಾಡಿದೆ. ಪ್ಲಸ್ ಒನ್ ಓದುತ್ತಿದ್ದ ಮಗಳು ಪರೀಕ್ಷಕಿ. ಅವಳ ಕಾಲ ಬಳಿ ಮಡಚಿದ ಬೈರಾಸಿನ ಮೇಲೆ ಒಂದು ಸ್ಟೀಲಿನ ಚೆಂಬು, ಕಂಠದಿಂದ ಎರಡು ಬೆರಳು ಕೆಳಗಿನವರೆಗೆ ನೀರು. ಮೈದಾನದ ಆಚೆ ತುದಿಯಲ್ಲಿ ನೆಟ್ಟ ತೆಂಗಿನ ಗರಿಯ ಎದುರು ಕಾರು ನಿಲ್ಲಬೇಕು, ನೀರು ಚೆಲ್ಲಬಾರದು. ಮೊದಲ ದಿನ ಚೆಂಬಿನಲ್ಲಿ ಅರ್ಧ ಉಳಿಯಿತು. 'ಅಪ್ಪ, ಚೆಂಬೇ ಬೇಡ, ಕೊಡಪಾನ ತರುವಾ' ಎಂದಳು.

ಆದರೆ ಚೆಂಬು ಒಂದು ಸತ್ಯವನ್ನು ತೋರಿಸಿಕೊಟ್ಟಿತು. ಬ್ರೇಕು ಒಂದೇ ಹದದಲ್ಲಿ ಹಿಡಿದಿರುವಷ್ಟು ಹೊತ್ತು ನೀರು ಮುಂದಕ್ಕೆ ವಾಲಿ ಸುಮ್ಮನೆ ನಿಂತಿರುತ್ತದೆ, ಚೆಲ್ಲುವುದಿಲ್ಲ. ಚೆಲ್ಲುವುದು ಎರಡು ಗಳಿಗೆಗಳಲ್ಲಿ: ಬ್ರೇಕು ಹಿಡಿಯುವಾಗ ಮತ್ತು ಗಾಡಿ ಪೂರಾ ನಿಲ್ಲುವಾಗ. ಅಮ್ಮನ ಬೆನ್ನಿಗೆ ಪೆಟ್ಟು ಬೀಳುತ್ತಿದ್ದುದೂ ಆ ಎರಡು ಗಳಿಗೆಗಳಲ್ಲೇ. ಹಾಗಾದರೆ ನಡುವಿನ ಬಲಕ್ಕೆ ಹೆದರಬೇಕಾಗಿಲ್ಲ. ಮೊದಲನ್ನೂ ಕೊನೆಯನ್ನೂ ಮೃದು ಮಾಡಿದರಾಯಿತು.

ಮೊದಲನ್ನು ಮೃದು ಮಾಡಲು ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಬೇಕಾಯಿತು. ಹಿಮ್ಮಡಿ ನೆಲದಲ್ಲಿ ಊರಿ, ತೊಡೆಯಿಂದಲ್ಲ, ಹರಡಿನಿಂದ ಪಾದವನ್ನು ಬಗ್ಗಿಸಿ ಒತ್ತುವುದು. ನೆಲದಲ್ಲಿ ಊರಿದ ಹಿಮ್ಮಡಿ ಬರೆಯುವಾಗ ಮೇಜಿಗೊರಗಿಸಿದ ಮಣಿಕಟ್ಟಿನಂತೆ, ಗೆರೆ ನಡುಗುವುದಿಲ್ಲ. ದಪ್ಪ ಅಟ್ಟೆಯ ಚಪ್ಪಲಿ ಬಿಟ್ಟು ತೆಳು ಅಟ್ಟೆಯ ಶೂ ಹಾಕಿದೆ. ಮಳೆಯಲ್ಲಿ ನೆನೆದ ಹವಾಯಿ ಚಪ್ಪಲಿಯಂತೂ ಪೆಡಲಿನ ಮೇಲೆ ಸಾಬೂನು. ಬ್ರೇಕಿಗೆ ಹೋಗುವ ಮುನ್ನ ಆಕ್ಸಿಲರೇಟರಿನಿಂದ ಬೇಗ ಕಾಲು ತೆಗೆದು ಎಂಜಿನ್ನೇ ಗಾಡಿಯನ್ನು ಹಿಡಿಯಲು ಬಿಡುವುದು, ಇಳಿಜಾರಿನಲ್ಲಿ ಗೇರು ಇಳಿಸುವುದು. ಪೆಡಲು ಕೂದಲೆಳೆಯಷ್ಟು ಇಳಿದಾಗಲೇ ಹಿಂದಿನ ಕೆಂಪು ದೀಪ ಹೊತ್ತುತ್ತದೆಂದು ಮಗಳು ಇಳಿದು ನೋಡಿ ಹೇಳಿದಳು. ಇದು ದೊಡ್ಡ ಉಪಕಾರ. ಕಚ್ಚುವ ಬ್ರೇಕಿನ ನಿಜವಾದ ಅಪಾಯ ಹಿಂದೆ ಬರುವ ಬಸ್ಸಿನದು. ನಮ್ಮ ದಾರಿಯ ಬಸ್ಸುಗಳು ಕಾರಿನ ಹಿಂಬದಿಗೆ ಮೂಗು ತಾಗಿಸಿಕೊಂಡೇ ಬರುತ್ತವೆ. ಮೊದಲು ದೀಪ ಹೊತ್ತಿಸಿ, ಅವರಿಗೆ ಕಾಣಿಸಿ, ಆಮೇಲೆ ಬ್ರೇಕು ಹಿಡಿಸಲು ಕಲಿತೆ.

ಕೊನೆಯದು ಕಷ್ಟವಾಯಿತು. ಗಾಡಿ ನಿಲ್ಲಲು ಇನ್ನೊಂದು ಮಾರು ಇರುವಾಗ ಒತ್ತಿದ ಪಾದವನ್ನು ತುಸು ಸಡಿಲಿಸಬೇಕು. ಪೂರಾ ಬಿಟ್ಟರೆ ಮುಂದಕ್ಕೆ ಓಡುತ್ತದೆ, ಬಿಡದಿದ್ದರೆ ತಗ್ಗಿದ ಮೂಗು ಮೇಲಕ್ಕೆದ್ದು ಕುಳಿತವರನ್ನು ಸೀಟಿಗೆ ಒಗೆಯುತ್ತದೆ. ಇದಕ್ಕೆ ಲೆಕ್ಕವಿಲ್ಲ, ಹದ ಮಾತ್ರ ಉಂಟು. ನಾಲ್ಕನೆಯ ಭಾನುವಾರ 30ರ ವೇಗದಿಂದ ಗರಿಯ ಎದುರು ನಿಂತಾಗ ಚೆಂಬಿನ ಕಂಠ ಒದ್ದೆಯಾಗಿತ್ತು, ಬೈರಾಸು ಒಣಗಿತ್ತು. ಆಮೇಲೆ ಅವಸರದ ನಿಲುಗಡೆಯನ್ನೂ ಬೇಕೆಂದೇ ನಾಲ್ಕು ಸಲ ಅಭ್ಯಾಸ ಮಾಡಿದೆ, ಚೆಂಬನ್ನು ಹೊರಗಿಟ್ಟು. ಕಾಲು ಮೃದುವನ್ನು ಕಲಿತು ತುಳಿಯುವುದನ್ನು ಮರೆಯಬಾರದಲ್ಲ. ಬಸ್ಸಿನ ಹಿಂದಿನಿಂದ ಓಡಿ ಬರುವ ಹುಡುಗನಿಗೆ ಚೆಂಬಿನ ನೀರಿನ ಚಿಂತೆ ಬೇಕಿಲ್ಲ.

ಅಮ್ಮನಿಗೆ ಇದೊಂದನ್ನೂ ಹೇಳಿರಲಿಲ್ಲ. ಹೇಳಿದವಳು ಮಗಳು. 'ಅಜ್ಜಿ, ನೀರು ಚೆಲ್ಲಲಿಲ್ಲ' ಎಂದು ಚೆಂಬನ್ನು ಮಂಚದ ಹತ್ತಿರ ತಂದು ತೋರಿಸಿದಳಂತೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ, ಹಾಲು ಕೊಟ್ಟು ಬರಲು ಹೊರಟವನನ್ನು ಕರೆದು, 'ಡೇರಿಯವರೆಗೆ ನಾನೂ ಬರುತ್ತೇನೆ' ಎಂದರು. ಅಷ್ಟು ದೂರಕ್ಕೂ ಬೆಲ್ಟು ಬಿಗಿದು, ಬಾಗಿಲ ಮೇಲಿನ ಹಿಡಿಯನ್ನು ಹಿಡಿದೇ ಕುಳಿತಿದ್ದರು.

ಮದುವೆ ಏಪ್ರಿಲಿನಲ್ಲಿತ್ತು. ಬೆಳಗ್ಗೆ ಐದೂವರೆಗೆ ಹೊರಟೆವು. ಅಡ್ಕಸ್ಥಳದ ತಿರುವುಗಳಲ್ಲಿ ಅವರ ಕೈ ಹಿಡಿಯ ಮೇಲೆಯೇ ಇತ್ತು. ಸಾರಡ್ಕದಲ್ಲಿ ಗಡಿ ದಾಟಿ, ಒಂದು ಹಂಪು ಹತ್ತಿ ಇಳಿದ ಮೇಲೆ ಪಕ್ಕಕ್ಕೆ ನೋಡಿದೆ. ಕೈ ಮಡಿಲಿಗೆ ಇಳಿದಿತ್ತು. ಅಡ್ಯನಡ್ಕ ಬರುವಾಗ ಅಮ್ಮ ಬಾಯಿ ತುಸು ತೆರೆದು ನಿದ್ದೆ ಮಾಡುತ್ತಿದ್ದರು. ಹಿಂದೆ ಕುಳಿತಿದ್ದ ಮಗಳು ನನ್ನ ಭುಜ ಮುಟ್ಟಿ ಹಾರನ್ ಹಾಕಬೇಡಿ ಎಂದು ಸನ್ನೆ ಮಾಡಿದಳು. ವಿಟ್ಲದ ಪೇಟೆ ಮುಗಿಯುವವರೆಗೂ ಹಾಕಲಿಲ್ಲ.